ಭಾವ ಏಳು ಸಲ ಸತ್ತ ಸಿನಿಮಾ

ನಮ್ಮ ಭಾವ ವೃತ್ತಿಯಲ್ಲಿ ದರ್ಜಿ, ಸ್ವಭಾವದಲ್ಲಿ ಸಾಧು. ಅಂಥವರು ಒಂದು ಹಿಂದಿ ದೆವ್ವದ ಸಿನಿಮಾದಲ್ಲಿ ಏಳು ಸಲ ಸತ್ತರು. ಬಂದ ಭಾಗ್ಯವೇನು? ನಮ್ಮಕ್ಕ ಅವರನ್ನು ಮನೆಯಿಂದ ಆಚೆ ಹಾಕಿದಳು.

ಸಿನಿಮಾದವರು ವೇಷ ಹೊಲಿಯಲೆಂದು ಅವರನ್ನು ಕರೆದೊಯ್ದಿದ್ದರು. ವಾರದಲ್ಲಿ ಬರುತ್ತೇನೆಂದವರು ಬಂದದ್ದು ತಿಂಗಳಾದ ಮೇಲೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಇಷ್ಟು ದಿನ ಎಲ್ಲಿ ಸತ್ತಿದ್ರಿ?"

"ಬಾವಿ ಹತ್ರ ಕಣೇ. ಏಳು ಸಲ."

ಆ ಮನುಷ್ಯನಿಗೆ ಸುಳ್ಳು ಹೇಳಲೂ ಬಾರದು, ನಿಜವನ್ನು ನಂಬುವಂತೆ ಹೇಳಲೂ ಬಾರದು! ಸಂಗತಿ ಇಷ್ಟೇ. ನಟರೆಲ್ಲ ಅಬ್ಬರಿಸಿ ಸತ್ತು, ಎದ್ದು ಟೀ ಕುಡಿಯಲು ಹೋಗಿಬಿಡುತ್ತಿದ್ದರಂತೆ. ಒದ್ದೆ ನೆಲದಲ್ಲಿ ಹೆಣವಾಗಿ ಬಿದ್ದಿರಲು ಬೇರೆ ಆಳು ಬೇಕಲ್ಲ? ಜಿಪುಣ ನಿರ್ಮಾಪಕ ದರ್ಜಿಯನ್ನೇ ಮಲಗಿಸಿ, ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ಹೊದಿಸಿದ. ಆ ಬಟ್ಟೆಯನ್ನೂ ಭಾವನೇ ಹೊಲಿದದ್ದು.

"ಮುಖ ಕಾಣಲ್ಲ, ಹೆಸರು ಬರಲ್ಲ, ಪಾರ್ಟು ಮಾತ್ರ ಏಳು!" ಎಂದು ಅಕ್ಕ ರೇಗಿದಳು. ಎದುರುಮನೆಯಾಕೆ ಉರಿಯುವ ಬೆಂಕಿಗೆ ತುಪ್ಪ ಸುರಿದಳು: "ಗಂಡಸರು ಹೀಗೆ ಕತೆ ಕಟ್ಟೋಕೆ ಶುರು ಮಾಡಿದ್ರೆ ಎಲ್ಲೋ ಇನ್ನೊಂದು ಸಂಸಾರ ಇದೆ ಅಂತಾನೇ ಅರ್ಥ ಕಣಮ್ಮ." ಆಕೆಯ ನಾಲಿಗೆಗೆ ಹೊಲಿಗೆ ಹಾಕುವ ದರ್ಜಿ ಇನ್ನೂ ಹುಟ್ಟಿಲ್ಲ.

ಅಂದಿನಿಂದ ಭಾವ ಅಂಗಡಿಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗತೊಡಗಿದರು. ಅಕ್ಕನೇನು ಸುಖವಾಗಿದ್ದಳೇ? ದಿನೇ ದಿನೇ ಸೊರಗಿದಳು. ಆದರೆ ಹಟ, ಹಟವೇ.

ವರ್ಷದ ಮೇಲೆ ಆ ಸಿನಿಮಾ ನಮ್ಮೂರಿಗೂ ಬಂತು. ಕೈಕಾಲು ಹಿಡಿದು ಇಬ್ಬರನ್ನೂ ಮ್ಯಾಟಿನಿಗೆ ಎಳೆದೊಯ್ದೆ.

ಅದೆಂಥ ಸಿನಿಮಾ ಮಹಾರಾಯರೇ! ಹಳ್ಳಿಯಲ್ಲಿ ಬಾವಿಯ ಹತ್ತಿರ ಹೋದವರೆಲ್ಲ ಸಾಯುತ್ತಾರೆ. ಆದರೂ ಮರುದಿನ ಇನ್ನೊಬ್ಬ ಕಂದೀಲು ಹಿಡಿದು ಅಲ್ಲಿಗೇ ಹೊರಡುತ್ತಾನೆ. ಅಂಥ ಬುದ್ಧಿವಂತರು ಸತ್ತದ್ದರಲ್ಲಿ ನಿಗೂಢವೇನಿದೆ? ಭಾವ ಒಂದೊಂದು ಹೆಣಕ್ಕೂ "ಇದು ನಾನೇ" ಎಂದು ಪಿಸುಗುಟ್ಟುತ್ತಿದ್ದರು. ಅಕ್ಕ ತಿರುಗಿಯೂ ನೋಡಲಿಲ್ಲ.

ಐದನೇ ಹೆಣ ಬಂತು. ಹೊದಿಕೆಯ ಅಂಚಿನಲ್ಲಿ ಹೊಲಿಗೆ ಬಿಟ್ಟು ದಾರ ಜೋತಾಡುತ್ತಿತ್ತು. ಹೆಣದ ಕೈ ಮೆಲ್ಲಗೆ ಹೊರಬಂತು. ಬಿಟ್ಟ ಅಂಚನ್ನು ಒಳಕ್ಕೆ ಮಡಚಿ, ಹೆಬ್ಬೆರಳಿನಿಂದ ಒತ್ತಿ, ಮತ್ತೆ ಒಳಗೆ ಹೋಯಿತು. ರೀಲು ದಂಡವಾಗುತ್ತದೆಂದು ಜಿಪುಣ ನಿರ್ಮಾಪಕ ಅದನ್ನು ಹಾಗೇ ಬಿಟ್ಟಿದ್ದ. ಇಡೀ ಚಿತ್ರಮಂದಿರ ಕಿಟಾರನೆ ಕಿರುಚಿತು. ಆ ಸಿನಿಮಾ ಯಾರನ್ನಾದರೂ ಹೆದರಿಸಿದ್ದು ಅದೊಂದೇ ಸಲ.

ಅಕ್ಕ ಮಾತ್ರ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ನಮ್ಮನೆಯವ್ರೇ ಕಣೋ! ಹೊಲಿಗೆ ಬಿಟ್ಟಿದ್ರೆ ಸತ್ರೂ ಕೈ ಸುಮ್ನಿರಲ್ಲ ಇವರದ್ದು!" ನಗುನಗುತ್ತಲೇ ಅತ್ತಳು. ಸೆರಗಿನಿಂದ ಕಣ್ಣೊರೆಸಿಕೊಂಡು ಭಾವನ ತೋಳು ಹಿಡಿದೆಳೆದಳು.

"ಏಳಿ ಮೇಲೆ. ಅಂಗಡಿಯಿಂದ ಹಾಸಿಗೆ ಸುತ್ಕೊಂಡು ಮನೆಗೆ ಹೋಗೋಣ."

ಭಾವನ ಕಣ್ಣಲ್ಲೂ ನೀರು. ಆದರೆ ದೃಷ್ಟಿ ಪರದೆಯಿಂದ ಕದಲಲಿಲ್ಲ.

"ಸ್ವಲ್ಪ ಇರೇ. ನಾನಿನ್ನೂ ಎರಡು ಸಲ ಸಾಯೋದಿದೆ."