ಶೇಖಮ್ಮನ ಆಡು, ಪ್ರೊಫೆಸರರ ಬಲೆ

ರಾಜ್ಯ ಯಾರದಾದರೇನು, ಆಡು ಮೇಯಬೇಕು. ರಂಗಂಪೇಟೆಯ ಶೇಖಮ್ಮನ ರಾಜಕೀಯ ಇಷ್ಟೇ. ಅವಳ ಆಡುಗಳು ನಿಜಾಮನ ಕಾಲದಲ್ಲಿ ಸುರಪುರದ ಗುಡ್ಡದಲ್ಲಿ ಮೇಯ್ದವು, ಪೊಲೀಸ್ ಕಾರ್ಯಾಚರಣೆಯ ಮರುದಿನವೂ ಮೇಯ್ದವು. ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲದಲ್ಲಿ ಗುಡ್ಡದ ಬುಡಕ್ಕೆ ಹಲಗೆ ಬಂತು: ಆಡು ಹತ್ತಿಸುವಂತಿಲ್ಲ. ಆಡು ಮೇಯಿಸಲು ನಿಜಾಮನ ಸರ್ಕಾರ ಕೊಟ್ಟಿದ್ದ ಅವಳ ಹಳೆಯ ಉರ್ದು ಚೀಟಿಯನ್ನು ಅರಣ್ಯದ ಗಾರ್ಡು ಮನ್ಸೂರಅಲಿ ಗೌರವದಿಂದ ಓದಿ, ಅಷ್ಟೇ ಗೌರವದಿಂದ ಮಡಚಿ ಕೊಟ್ಟ.

“ಚೀಟಿ ಬರೋಬರಿ ಅದ, ಯವ್ವಾ. ಸರ್ಕಾರ ಬದಲಾಗ್ಯಾದ.”

“ಗುಡ್ಡ ಬದಲಾಗ್ಯಾದೇನ್ರಿ, ಸಾಬರ?”

“ನನಗ ಪಗಾರ ಗುಡ್ಡ ಕೊಡಂಗಿಲ್ಲಲ್ಲ.”

ಕೆಳಗಿನ ಹೊಲಗಳಲ್ಲೆಲ್ಲ ಬಿತ್ತನೆಯಾಗಿತ್ತು. ನಲವತ್ತು ಆಡು ಮನೆಮುಂದೆ ನಿಂತು ಗುಡಿಸಲಿನ ಹುಲ್ಲನ್ನೇ ತಿನ್ನತೊಡಗಿದ್ದವು. ಇನ್ನೊಂದು ವಾರ ಹೀಗೇ ಆದರೆ ಶಹಾಪುರದ ಸಂತೆಗೆ ಹೊಡೆದು ಕಟುಕರಿಗೆ ಕೊಡುವುದೊಂದೇ ದಾರಿ.

ಆಗ ಮೈಸೂರಿನ ಪ್ರೊಫೆಸರ್ ಶೇಷಾದ್ರಿ ಯಾದಗಿರಿಯಲ್ಲಿ ರೈಲಿಳಿದು ಬಂದರು. ಕೋಲಿನ ತುದಿಗೆ ಸೊಳ್ಳೆಪರದೆಯ ಚೀಲ. ಬಿಳಿ ರೆಕ್ಕೆಯ ತುದಿಗೆ ಕುಂಕುಮದ ಬೆರಳು ಒತ್ತಿದಂಥ ಪಾತರಗಿತ್ತಿಯೊಂದು ಈ ಗುಡ್ಡದಲ್ಲಿದೆಯೆಂದು ಹಿಂದೆ ಯಾವನೋ ಇಂಗ್ಲಿಷ್ ದೊರೆ ಬರೆದಿಟ್ಟಿದ್ದನಂತೆ. ಆಮೇಲೆ ಯಾರಿಗೂ ಸಿಕ್ಕಿರಲಿಲ್ಲ. ಪ್ರೊಫೆಸರರನ್ನೂ ಅವರ ಸಾಮಾನನ್ನೂ ತಡೆಯಕೂಡದೆಂದು ಗಾರ್ಡಿಗೆ ಹುಕುಂ ಬಂದಿತ್ತು.

ಮೂರು ದಿನ ಅವರು ಬಂಡೆಯಿಂದ ಬಂಡೆಗೆ ಹಾರಿದರು. ಬಲೆಗೆ ಬಿದ್ದದ್ದು ಎರಡು ಮಿಡತೆ ಮತ್ತು ಮನ್ಸೂರಅಲಿಯ ಟೋಪಿ.

ಸಂತೆಯಲ್ಲೂ ಶೇಖಮ್ಮ ಗಿರಾಕಿಯ ಕಾಲು ಸೋಲುವ ತನಕ ಬಾಯಿ ಬಿಡುವವಳಲ್ಲ. ನಾಲ್ಕನೆಯ ದಿನ ಪ್ರೊಫೆಸರರು ನೆರಳಿಗೆ ಕುಸಿದಾಗ, ಗುಡ್ಡದ ಬುಡದಲ್ಲಿ ಕೂತು ನೋಡುತ್ತಿದ್ದವಳು ಎದ್ದು ಬಂದಳು.

“ಓಡಿದರ ಅದು ಸಿಗಂಗಿಲ್ರಿ, ಯಪ್ಪಾ. ಅದಕ್ಕ ಕುಡಿಯಾಕ ಕೊಡಬೇಕು.”

“ಏನು, ಜೇನುತುಪ್ಪವೇ?”

“ಆಡಿನ ಉಚ್ಚಿ.”

ಪ್ರೊಫೆಸರರು ಮನ್ಸೂರಅಲಿಯ ಮುಖ ನೋಡಿದರು. ಮನ್ಸೂರಅಲಿ ಆಕಾಶ ನೋಡಿದ.

“ನಮ್ಮ ಆಡು ನಿಲ್ತಿದ್ದ ಹಸಿ ಮಣ್ಣಿಗಿ ಹಿಂಡುಗಟ್ಲೆ ಬಂದು ಕುಂದರ್ತಿದ್ದವು. ಈಗ ಆಡಿಲ್ಲ, ಅವೂ ಇಲ್ಲ.”

“ಒಂದೆರಡು ಆಡು ಸಾಕಲ್ಲವೇನಮ್ಮ?”

“ಒಂದೆರಡರದು ನೆಲಾನ ಕುಡೀತದ್ರಿ. ನಲವತ್ತೂ ಬೇಕು.”

“ಆಡು ಹತ್ತಂಗಿಲ್ಲ,” ಎಂದ ಮನ್ಸೂರಅಲಿ.

“ಆಡಲ್ರಿ ಸಾಬರ, ಪ್ರೊಫೆಸರರ ಸಾಮಾನು. ಹುಕುಂ ಮತ್ತೊಮ್ಮೆ ಓದ್ರಿ.”

ಓದಿದ. ಸಾಮಾನಿಗೆ ಕೊಂಬಿರಬಾರದೆಂದು ಎಲ್ಲೂ ಇರಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಹಸಿ ಮಣ್ಣಿನ ಮೇಲೆ ಎಂಟು ಕುಂಕುಮದ ತುದಿಗಳು ಕೂತಿದ್ದವು, ಸೇಂದಿ ಅಂಗಡಿಯ ಗಿರಾಕಿಗಳಂತೆ ಮೈಮರೆತು. ಬಲೆ ಬೇಕಾಗಲಿಲ್ಲ. ಪ್ರೊಫೆಸರರು ಆ ಹಸಿ ಮಣ್ಣಲ್ಲೇ ಮೊಣಕಾಲೂರಿ ಎರಡು ಬೆರಳಲ್ಲಿ ಹಿಡಿದರು. ವಾಸನೆ ವಿದ್ಯೆಗೆ ಅಡ್ಡಬರಲಿಲ್ಲ.

ಹೊರಡುವಾಗ ಜೇಬಿಗೆ ಕೈ ಹಾಕಿದರು.

“ರೊಕ್ಕ ಬ್ಯಾಡ್ರಿ. ಚೀಟಿ ಕೊಡ್ರಿ, ಈ ಸರ್ತಿ ಕನ್ನಡದಾಗ.”

ಪ್ರೊಫೆಸರರು ಬರೆದು ಸಹಿ ಹಾಕಿದರು: ಸಾಮಾನು, ಬಲೆ ಒಂದು, ಶೀಶೆ ಹತ್ತು, ಆಡು ನಲವತ್ತು, ಸಂಶೋಧನೆ ಮುಗಿಯುವವರೆಗೆ ಗುಡ್ಡದಲ್ಲೇ ಇರತಕ್ಕದ್ದು.

ಸಂಶೋಧನೆ ಶೇಖಮ್ಮ ಇರುವ ತನಕ ಮುಗಿಯಲಿಲ್ಲ. ಸಾಮಾನು ಮಾತ್ರ ವರ್ಷಾವರ್ಷ ಮರಿ ಹಾಕುತ್ತಿತ್ತು.