ಒಂಬತ್ತು ಪಾಯಿಂಟ್ ಆರು

ಕಾಲೇಜಿನ ಸಂದರ್ಶನದಲ್ಲಿ ಪ್ರೊಫೆಸರ್ ಎದ್ದು ನಿಂತು ನನ್ನ ಕೈ ಕುಲುಕಿದರು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಅನುಮಾನ. ಅವರು ಕುರ್ಚಿಯಲ್ಲೇ ಕೂತಿದ್ದಿರಬಹುದು. ಕೈ ಕುಲುಕಿದ್ದು ನಾನೇ ಆಮೇಲೆ ಸೇರಿಸಿಕೊಂಡದ್ದಿರಬಹುದು.

ಎಂಟನೆಯ ತರಗತಿಯಿಂದ ನಾನು ಶಾಲೆಗೆ ಹೋಗಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯಲ್ಲೇ ಅಮ್ಮ ಕಲಿಸಿದಳು. ಮುಕ್ತ ಶಾಲೆಯ ಪರೀಕ್ಷೆ ಕಟ್ಟಿ ಪಾಸಾದೆ. ಬಸವನಗುಡಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಬೇಕಿತ್ತು. ಅಂಕಗಳಿದ್ದವು. ಆದರೆ ಲ್ಯಾಬನ್ನೇ ನೋಡದವನು ಭೌತಶಾಸ್ತ್ರ ಹೇಗೆ ಓದುತ್ತಾನೆ ಎಂಬುದು ಅವರ ಸಂಶಯ. ಮನೆಯಲ್ಲಿ ಮಾಡಿದ ಪ್ರಯೋಗಗಳ ರೆಕಾರ್ಡ್ ಪುಸ್ತಕ ಹಿಡಿದು ಸಂದರ್ಶನಕ್ಕೆ ಬಾ ಎಂದರು.

ಅದರಲ್ಲೊಂದು ಲೋಲಕದ ಪ್ರಯೋಗ. ನಡುಮನೆಯಲ್ಲಿದ್ದ ಉಯ್ಯಾಲೆಯ ಮಣೆ ಬಿಚ್ಚಿ, ಅದರ ಕೊಂಡಿಗೆ ದಾರ ಕಟ್ಟಿ, ತುದಿಗೆ ಎರಡು ಕೇಜಿಯ ಕಬ್ಬಿಣದ ತೂಕದ ಬಟ್ಟನ್ನು ಇಳಿಬಿಟ್ಟಿದ್ದೆವು. ಅದು ಎಷ್ಟು ಸಲ ತೂಗಿತೆಂದು ಅಮ್ಮ ಎಣಿಸುತ್ತಿದ್ದಳು, ನಾನು ಮೊಬೈಲಿನಲ್ಲಿ ಸಮಯ ಹಿಡಿಯುತ್ತಿದ್ದೆ. ದಾರದ ಉದ್ದ ಎರಡು ಮೀಟರ್. ಈ ಉದ್ದ ಮತ್ತು ಸಮಯದಿಂದ ಲೆಕ್ಕ ಹಾಕಬೇಕಾದ ಭೂಮಿಯ ಗುರುತ್ವದ ಬೆಲೆ ಪಠ್ಯಪುಸ್ತಕದಲ್ಲಿ 9.8. ನಮಗೆ ಎಷ್ಟು ಸಲ ಮಾಡಿದರೂ 9.6.

"ಪಾಯಿಂಟ್ ಎಂಟು ಅಂತ ಬರೆದ್ರಾಯ್ತು. ಯಾರು ಬಂದು ಉಯ್ಯಾಲೆ ಅಳೀತಾರೆ?"

"ಬಂದಿದ್ದನ್ನೇ ಬರೀಬೇಕು."

ಮೊದಲ ಮಾತು ಅಮ್ಮನದು, ಎರಡನೆಯದು ನನ್ನದು ಎಂದು ನನ್ನ ನೆನಪು. ಅಮ್ಮ ಒಪ್ಪುವುದಿಲ್ಲ. "ಸುಳ್ಳು ಕಣೋ. ತಿದ್ದೋಕೆ ಕೂತಿದ್ದೋನು ನೀನು, ಕೈ ಹಿಡಿದಿದ್ದು ನಾನು." ಈ ವ್ಯಾಜ್ಯ ಇನ್ನೂ ತೀರಿಲ್ಲ. ಅಂತೂ ಪುಟದಲ್ಲಿ ಉಳಿದದ್ದು 9.6.

ಸಂದರ್ಶನದಲ್ಲಿ ಪ್ರೊಫೆಸರ್ ಅದರ ಮೇಲೇ ಬೆರಳಿಟ್ಟರು.

"ಏನಪ್ಪಾ, ಇಡೀ ಬೆಂಗಳೂರಿಗೆ ಒಂಬತ್ತು ಪಾಯಿಂಟ್ ಎಂಟು. ನಿಮ್ಮನೇಲಿ ಮಾತ್ರ ಕಮ್ಮಿನಾ?"

"ಬಂದಿದ್ದು ಅಷ್ಟೇ ಸಾರ್. ಯಾಕೆ ಅಂತ ಗೊತ್ತಾಗ್ಲಿಲ್ಲ."

"ಕಾಪಿ ಹೊಡಿಯೋಕೆ ಯಾವ ಸೀನಿಯರ್ ರೆಕಾರ್ಡೂ ಸಿಗ್ಲಿಲ್ವಾ?"

"ನಮ್ಮನೇಲಿ ಸೀನಿಯರ್ ಅಂದ್ರೆ ಅಮ್ಮ ಒಬ್ಳೇ ಸಾರ್."

ಅವರು ಜೋರಾಗಿ ನಕ್ಕರು. ಇದರಲ್ಲಿ ಅನುಮಾನವಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮನಿಗೂ ಕೇಳಿಸಿತ್ತು. "ನಿಜವಾಗ್ಲೂ ಅಳೆದಿರೋ ಉತ್ತರ ನೋಡಿ ಎಷ್ಟು ವರ್ಷ ಆಯ್ತೋ" ಎನ್ನುತ್ತಾ ಅರ್ಜಿಗೆ ಸಹಿ ಹಾಕಿದರು. "ಸೀಟು ತಗೋ. ಆ ಪಾಯಿಂಟ್ ಎರಡು ಎಲ್ಲಿ ಹೋಯ್ತು ಅಂತ ನೀನೇ ಹುಡುಕ್ಬೇಕು."

ಮನೆಗೆ ನಡೆದು ಬರುವಾಗ ಅಮ್ಮ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಸುದ್ದಿ ಹೇಳಿದಳು. ನನ್ನನ್ನು 'ಸ್ಕೂಲಿಲ್ಲದ ಹುಡುಗ' ಎಂದು ಕರೆಯುತ್ತಿದ್ದ ಇಸ್ತ್ರಿ ಅಂಗಡಿಯವರಿಗೆ ಎರಡು ಸಲ.

ಕಾರಣ ಕಾಲೇಜಿನ ಮೊದಲ ತಿಂಗಳಲ್ಲೇ ಹೊಳೆಯಿತು: ನಾವು ದಾರವನ್ನು ಗಂಟಿನವರೆಗೆ ಮಾತ್ರ ಅಳೆದಿದ್ದೆವು, ಬಟ್ಟಿನ ನಡುಮಧ್ಯದವರೆಗೆ ಅಳೆಯಬೇಕಿತ್ತು. ಆದರೆ ಪರೀಕ್ಷಿಸಿರಲಿಲ್ಲ. ಇದನ್ನು ಬರೆಯಲು ಕೂತ ಮೇಲೆ ಅದೇ ಬಟ್ಟನ್ನು ಅದೇ ಕೊಂಡಿಗೆ ಕಟ್ಟಿ ಸ್ಕೇಲ್ ಹಿಡಿದೆ. ಗಂಟಿನಿಂದ ನಡುವಿಗೆ ನಾಲ್ಕು ಸೆಂಟಿಮೀಟರ್. ರೆಕಾರ್ಡಿನ ಹಳೆಯ ಉದ್ದಕ್ಕೆ ಅಷ್ಟು ಸೇರಿಸಿ ಲೆಕ್ಕ ಮಾಡಿದರೆ 9.8 ಬರುತ್ತದೆ.