ಮಷಿನ್ನು ತಿದ್ದಿದ ನನ್ನ ದನಿ

ಆರನೆಯ ಇಯತ್ತೆಗೆ ಶಾಲೆ ಬಿಟ್ಟು ಗೌಂಡಿ ಕೆಲಸ ಹಿಡಿದವನು ನಾನು. ಬೇವೂರಿನಲ್ಲಿ ನಾನು ಕಟ್ಟಿದ ಗೋಡೆಯನ್ನು ಸೊಟ್ಟ ಎಂದವರಿಲ್ಲ. ಭಜನಾ ಮೇಳದಲ್ಲಿ ಮುಂದೆ ಹಾಡುವವನೂ ನಾನೇ. ನನ್ನ ದನಿಯನ್ನೂ ಯಾರೂ ಹಾಗೆ ಅಂದಿರಲಿಲ್ಲ.

ಎಲ್ಲರೂ ಮೊಬೈಲಿಗೆ ಮೆಮೊರಿ ಕಾರ್ಡು ಹಾಕಿ ಹಾಡು ಕೇಳುವ ಕಾಲ ಬಂದಾಗ, ಹುಲಿಗೆಮ್ಮನ ಮೇಲೆ ನಮ್ಮದೂ ಒಂದು ಪದ ಇರಲಿ ಎಂದು ಮೇಳದವರು ಹಟ ಹಿಡಿದರು. ಗಂಗಾವತಿಯ ಸ್ಟುಡಿಯೋದಲ್ಲಿ ನನ್ನೊಬ್ಬನನ್ನೇ ಗಾಜಿನ ಕೋಣೆಯೊಳಗೆ ನಿಲ್ಲಿಸಿ ಹಾಡಿಸಿದರು. ಮೇಳದವರ ದನಿ ಆಮೇಲೆ ಕೂಡಿಸಿದರಾಯಿತು ಎಂದರು. ಆಗಲೇ ನನಗೆ ಅನುಮಾನ. ಗಾಜಿನಾಚೆ ಕೂತ ಸ್ಟುಡಿಯೋದವನು ಹಾಡು ಕೇಳುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಅದನ್ನು ನೋಡುತ್ತಿದ್ದ.

ಮೇಳದವರು ಕೂಡಿ ಹಾಡಲು ರೂಢಿ ಮಾಡಿಕೊಳ್ಳಲೆಂದು ಅವನು ನನ್ನ ಹಾಡಿನ ಕಾರ್ಡು ಕಳಿಸಿದ. ಏನೂ ಹೇಳದೆ ಮನೆಯಲ್ಲಿ ಹಚ್ಚಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು.

"ಛಲೋ ಹಾಡ್ಯಾರ. ಯಾರ್ರಿ ಇವರು?"

ಮದುವೆಯಾದಾಗಿನಿಂದ ನನ್ನ ದನಿ ಕೇಳಿದವಳು ಅವಳು. ಮೇಳದವರಿಗೂ ಕೇಳಿಸಿದೆ. ಒಬ್ಬರಿಗೂ ಹಿಂದೆ ಹಾಡಲು ಆಗಲಿಲ್ಲ. ಸಾಲಿನ ತುದಿಗೆ ನಾನು ದನಿಯನ್ನು ತುಸು ಇಳಿಸಿ ಬಿಡುತ್ತೇನೆ, ಅವರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಈ ಹಾಡಿನಲ್ಲಿ ಆ ಇಳಿತವೇ ಇರಲಿಲ್ಲ. ಬೇರೆ ಯಾರಿಂದಲೋ ಹಾಡಿಸಿದ್ದಾನೆ ಎಂದುಕೊಂಡು ಮರುದಿನವೇ ಗಂಗಾವತಿಯ ಬಸ್ಸು ಹತ್ತಿದೆ.

ಸ್ಟುಡಿಯೋದವನು ನಕ್ಕ. "ನಿಮ್ಮ ದನೀನ ಐತ್ರಿ ಕಾಕಾ. ತುದಿಗೆ ಶ್ರುತಿ ಜಾರತಿತ್ತು, ಮಷಿನ್ ಎತ್ತಿ ಕುಂದ್ರಿಸೇತಿ."

"ಬೇಕಂತನ ಬಿಟ್ಟದ್ದಪಾ ಅದು. ಮಾಳಗಿಗೆ ಇಳಿಜಾರ ಕೊಟ್ಟದ್ದು ತಪ್ಪಂತ ಸಮಾ ಮಾಡಿದರ ಮಳಿನೀರ ಎಲ್ಲಿ ಹೋಗತೈತಿ?"

"ಕೇಳೋರಿಗೆ ಸಮಾ ಇದ್ದದ್ದ ಬೇಕ್ರಿ. ಅವರ‍್ಯಾಕ ನಿಮ್ಮ ಮಾಳಗಿ ಹತ್ತತಾರ?"

ತಿದ್ದುವ ಮೊದಲಿನದನ್ನು ಕೇಳಿಸು ಎಂದು ಅಲ್ಲೇ ಕೂತುಬಿಟ್ಟೆ. ಗೊಣಗುತ್ತ ಕೇಳಿಸಿದ. ಇಳಿತ ಇತ್ತು. ಆದರೂ ಡಬ್ಬಿಯೊಳಗಿಂದ ಬಂದ ಆ ದನಿ ನನ್ನದೇ ಎಂದು ಆಣೆ ಮಾಡಿ ಹೇಳಲು ನನಗೇ ಧೈರ್ಯ ಬರಲಿಲ್ಲ. ಇದನ್ನೇ ಕಾರ್ಡಿಗೆ ಹಾಕು, ತಿದ್ದಿದ್ದನ್ನು ಅಳಿಸು ಎಂದೆ. ಕಾರ್ಡಿಗೆ ಹಾಕಿ ಕೊಟ್ಟ. ಅಳಿಸಿದೆ ಎಂದ, ಕಂಪ್ಯೂಟರನ್ನು ಮಾತ್ರ ನನ್ನ ಕಡೆ ತಿರುಗಿಸಲಿಲ್ಲ.

ಮನೆಯಲ್ಲಿ ಮತ್ತೆ ಸುಮ್ಮನೆ ಹಚ್ಚಿದೆ. ಸಾಲಿನ ತುದಿಗೆ ದನಿ ಇಳಿಯಿತು. ರೊಟ್ಟಿ ಬಡಿಯುತ್ತಲೇ ಹೆಂಡತಿ ಮುಂದಿನ ಸಾಲು ಎತ್ತಿಕೊಂಡಳು.

ನನ್ನ ಅರ್ಧ ಅನುಮಾನ ಅಲ್ಲಿಗೆ ಹೋಯಿತು. ತಿದ್ದಿದ್ದನ್ನು ಅವನು ಅಳಿಸಿದನೋ ಇಲ್ಲವೋ ಎಂಬ ಉಳಿದರ್ಧ ಈಗಲೂ ಇದೆ. ಹುಲಿಗೆಮ್ಮನ ಗುಡಿಯಿರುವ ಹುಲಿಗಿಯ ದಾರಿಯಲ್ಲಿ ಟಂಟಂ ಆಟೋ ಒಂದು ಅಮ್ಮನ ಪದ ಹಚ್ಚಿಕೊಂಡು ಬಂದರೆ, ಸಾಲಿನ ತುದಿ ಬರುವವರೆಗೂ ನಿಂತು ಕೇಳುತ್ತೇನೆ.